ಸಂಬಳ ಇಳಿದಾಗ ಮನೆ ಸಾಲ: ನಂಬಿಕೆ ಒಂದು, ನಿಜ ಇನ್ನೊಂದು

"ಬ್ಯಾಂಕಿನವರಿಗೆ ಕಷ್ಟ ಹೇಳಿಕೊಂಡರೆ ತಕ್ಷಣ ವಸೂಲಿಗೆ ಬರುತ್ತಾರೆ, ಒಂದೆರಡು ತಿಂಗಳು ಸುಮ್ಮನಿರೋಣ." ಕೆಲಸ ಹೋದವರ, ಸಂಬಳ ಕಡಿತವಾದವರ ಮನೆಗಳಲ್ಲಿ ಕೇಳಿಬರುವ ಮಾತಿದು. ಮನೆ ಸಾಲದ ವಿಷಯದಲ್ಲಿ ಇದಕ್ಕಿಂತ ದುಬಾರಿ ನಂಬಿಕೆ ಇನ್ನೊಂದಿಲ್ಲ. ಒಂದು ಕಂತೂ ತಪ್ಪದ ಖಾತೆ ಇರುವಾಗ ಮಾತುಕತೆಗೆ ಜಾಗ ಹೆಚ್ಚು. ಬಾಕಿ 90 ದಿನ ದಾಟಿದರೆ ಖಾತೆ ಅನುತ್ಪಾದಕ ಸಾಲಗಳ ಪಟ್ಟಿಗೆ ಸೇರಿ ಎನ್‌ಪಿಎ ಆಗುತ್ತದೆ. ಆಮೇಲೆ ಒಂದು ಕಂತು ಕಟ್ಟಿದರೆ ಸರಿಹೋಗುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರುವವರೆಗೆ ಖಾತೆ ಆ ಪಟ್ಟಿಯಿಂದ ಹೊರಬರುವುದಿಲ್ಲ ಎಂದು ಆರ್‌ಬಿಐ 2021ರ ನವೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ಸಂಬಳ ಇಳಿಯುವ ಸುದ್ದಿ ಬಂದ ವಾರವೇ ಶಾಖೆಗೆ ಹೋಗಬೇಕು.

"ಕೋವಿಡ್ ಕಾಲದಲ್ಲಿ ಕೊಟ್ಟ ಹಾಗೆ ಕಂತು ಮುಂದೂಡಲೇಬೇಕು" ಎಂದು ಹಕ್ಕಿನ ದನಿಯಲ್ಲಿ ಕೇಳಿದರೆ ನಿರಾಸೆ ಖಚಿತ. ಆ ಸೌಲಭ್ಯ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಂತುಗಳಿಗೆ ಮಾತ್ರ ಇತ್ತು. ಆಗಲೂ ಬಡ್ಡಿ ಮನ್ನಾ ಆಗಲಿಲ್ಲ. ಆ ಆರು ತಿಂಗಳ ಬಡ್ಡಿಯ ಮೇಲೆ ಬಡ್ಡಿ ಹಾಕಬಾರದು ಎಂದಷ್ಟೇ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ರಿಯಾಯಿತಿ ಕೊಡುವುದು ಬಿಡುವುದು ಆಯಾ ಬ್ಯಾಂಕಿನ ನೀತಿಗೆ ಬಿಟ್ಟದ್ದು.

ಹಾಗಾದರೆ ಏನು ಕೇಳಬಹುದು? ಎಲ್ಲರೂ ಮೊದಲು ಕೇಳುವುದು ಅವಧಿ ವಿಸ್ತರಣೆ. 40 ಲಕ್ಷ ರೂಪಾಯಿ ಬಾಕಿ, ಶೇ 8.5 ಬಡ್ಡಿ, 15 ವರ್ಷ ಉಳಿದಿದ್ದರೆ ಕಂತು ಸುಮಾರು 39,400 ರೂಪಾಯಿ. ಅದನ್ನು 25 ವರ್ಷಕ್ಕೆ ಎಳೆದರೆ 32,200ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಬಡ್ಡಿ 31 ಲಕ್ಷದಿಂದ ಸುಮಾರು 57 ಲಕ್ಷಕ್ಕೆ ಏರುತ್ತದೆ. "ಹೊರೆ ಇಳಿಯಿತು" ಎಂದುಕೊಂಡು ಈ ಲೆಕ್ಕ ನೋಡದವರೇ ಹೆಚ್ಚು. ಹಾಗೆಂದು ಬೇಡವೆನ್ನಬೇಕಿಲ್ಲ: ತಿಂಗಳ ದಿನಸಿಗೇ ಕೊರತೆಯಾಗಿರುವಾಗ ಏಳು ಸಾವಿರ ಸಣ್ಣ ಮೊತ್ತವಲ್ಲ, ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಲು ದಂಡವೂ ಇಲ್ಲ. ಒಂದು ಎಚ್ಚರ: ಹಣದ ಕಷ್ಟದ ಕಾರಣಕ್ಕೆ ಷರತ್ತು ಬದಲಿಸಿದರೆ ಅದು ಸಾಲದ ಮರುಹೊಂದಾಣಿಕೆ ಎಂದು ಕ್ರೆಡಿಟ್ ವರದಿಯಲ್ಲಿ ದಾಖಲಾಗಬಹುದು. ಸಹಿ ಹಾಕುವ ಮೊದಲೇ ವಿಚಾರಿಸಿ.

ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಬಡ್ಡಿ ದರದ ಬಗ್ಗೆ. 2019ರ ಅಕ್ಟೋಬರ್‌ಗಿಂತ ಹಿಂದಿನ ಸಾಲಗಳಲ್ಲಿ ಹಲವು ಇನ್ನೂ ಹಳೆಯ ದರಪದ್ಧತಿಯಲ್ಲೇ ಉಳಿದಿರುತ್ತವೆ. ಹೊಸ ಗ್ರಾಹಕರಿಗೆ ಇರುವ ದರಕ್ಕೆ ಬದಲಿಸಿಕೊಡಿ ಎಂದು ಕೇಳುವುದಕ್ಕೆ ಕಷ್ಟದ ಕಥೆಯೇ ಬೇಕಿಲ್ಲ. ಸಾಮಾನ್ಯವಾಗಿ ಸಣ್ಣ ಶುಲ್ಕ ಸಾಕು. ಮೇಲಿನದೇ 15 ವರ್ಷದ ಸಾಲದಲ್ಲಿ ದರ 9.5ರಿಂದ 8.5ಕ್ಕೆ ಇಳಿದರೆ ಕಂತಿನಲ್ಲಿ ಸುಮಾರು 2,400 ರೂಪಾಯಿ ಉಳಿಯುತ್ತದೆ.

ಸಾಲದ ಜತೆ ಮಾಡಿಸಿದ ವಿಮೆ ಕೆಲಸ ಹೋದರೂ ಕಂತು ಕಟ್ಟುತ್ತದೆ ಎಂಬುದು ಬಹುಪಾಲು ಸುಳ್ಳು. ಹೆಚ್ಚಿನವು ಸಾವಿಗಷ್ಟೇ ರಕ್ಷಣೆ ಕೊಡುತ್ತವೆ. ಉದ್ಯೋಗ ನಷ್ಟದ ರಕ್ಷಣೆ ಇದ್ದರೂ ಅದು ಕೆಲವೇ ತಿಂಗಳಿಗೆ, ಅದೂ ತಾನಾಗಿ ರಾಜೀನಾಮೆ ಕೊಟ್ಟವರಿಗಲ್ಲ.

"ಮೂರು ಕಂತು ತಪ್ಪಿದರೆ ಮನೆಗೆ ಬೀಗ" ಎಂಬ ಭಯ ನಿದ್ದೆ ಕೆಡಿಸುತ್ತದೆ. ಅಡವಿಟ್ಟ ಆಸ್ತಿಯಿಂದ ಬಾಕಿ ವಸೂಲಿಗೆ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆಯ ದಾರಿ ಅಷ್ಟು ಚಿಕ್ಕದಲ್ಲ. ಎನ್‌ಪಿಎ ಆದ ಮೇಲೆ ಮೊದಲು 60 ದಿನಗಳ ನೋಟಿಸ್ ಕೊಡಬೇಕು. ಅದಕ್ಕೆ ನೀವು ಆಕ್ಷೇಪಣೆ ಬರೆದರೆ, ಒಪ್ಪದಿದ್ದಲ್ಲಿ ಬ್ಯಾಂಕು 15 ದಿನದೊಳಗೆ ಕಾರಣ ತಿಳಿಸಬೇಕು. ಸ್ವಾಧೀನದ ಕ್ರಮ ಕೈಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿನಲ್ಲಿ ಬಾಕಿ, ಖರ್ಚು ಕಳೆದು ಉಳಿದ ಹಣ ನಿಮ್ಮದೇ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.

ಮನವಿ ಬಾಯಿಮಾತಿನಲ್ಲಿ ಬೇಡ. ಈಗಿನ ಆದಾಯ, ಕಟ್ಟಬಲ್ಲ ಮೊತ್ತ, ಎಷ್ಟು ತಿಂಗಳಿಗೆ ನೆರವು ಬೇಕು ಎಂಬುದನ್ನು ಬರೆದು, ಹಳೆಯ ಮತ್ತು ಹೊಸ ಸಂಬಳದ ಚೀಟಿ ಲಗತ್ತಿಸಿ, ಪ್ರತಿಯ ಮೇಲೆ ಶಾಖೆಯ ಸೀಲು ಹಾಕಿಸಿಕೊಳ್ಳಿ. ಉತ್ತರವೇ ಬಾರದಿದ್ದರೆ ಲಿಖಿತ ದೂರು ಕೊಡಿ. ಅದಕ್ಕೂ 30 ದಿನ ಸ್ಪಂದನ ಇಲ್ಲದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಬಹುದು. ರಿಯಾಯಿತಿ ಕೊಡಿ ಎಂದು ಓಂಬುಡ್ಸ್‌ಮನ್ ಬ್ಯಾಂಕಿಗೆ ಆದೇಶಿಸುತ್ತಾರೆಂದು ನಂಬಬೇಡಿ, ಅದು ಬ್ಯಾಂಕಿನ ವ್ಯವಹಾರ ನಿರ್ಧಾರ. ಉತ್ತರಿಸದೆ ಸತಾಯಿಸಿದ್ದು, ತಪ್ಪು ಶುಲ್ಕ ಹಾಕಿದ್ದು, ಏಜೆಂಟರ ಕಿರುಕುಳ, ಇವುಗಳನ್ನು ಅಲ್ಲಿ ಪ್ರಶ್ನಿಸಬಹುದು.