ಕೈ ಮರೆಯದ ಅಕ್ಷರ

ಸೂಜಿ, ನೂಲು, ಚಿತ್ತಾರದ ಗೆರೆ ಹಾಕಿದ ಒಂದು ತುಂಡು ಬಟ್ಟೆ. ಕಸೂತಿ ಕಲಿಸುವವರು ಇಷ್ಟನ್ನು ಕೊಟ್ಟು ಬೇರೆ ರೋಗಿಗಳತ್ತ ಹೋದರು. ಝಸೆಟ್ಸ್ಕಿ ಅವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ. ಇವನ್ನೆಲ್ಲ ತನಗೇಕೆ ಕೊಟ್ಟರೆಂಬುದೇ ಹೊಳೆಯುತ್ತಿರಲಿಲ್ಲ. ರಷ್ಯದ ತೂಲಾ ಪಟ್ಟಣದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ ಅವನು. 1943ರ ಮಾರ್ಚಿನಲ್ಲಿ, ಯುದ್ಧಭೂಮಿಯಲ್ಲಿ, ಎಡತಲೆಗೆ ಗುಂಡು ಹೊಕ್ಕಿತ್ತು. ಕೈಕುಲುಕಲು ಯಾರಾದರೂ ಮುಂದಾದರೆ ಯಾವ ಕೈ ಚಾಚಬೇಕೆಂದು ತಿಳಿಯುತ್ತಿರಲಿಲ್ಲ. ಕೊಡಲಿ ಎತ್ತಿದರೆ ಏಟು ಕಟ್ಟಿಗೆ ಬಿಟ್ಟು ನೆಲಕ್ಕೆ.

ಅವನು ಬಂದು ಸೇರಿದ್ದು ಉರಾಲ್ ಸೀಮೆಯ ಕಿಸೆಗಾಚ್‌ಗೆ. ಅಲ್ಲಿದ್ದ ಆರೋಗ್ಯಧಾಮವನ್ನೇ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಯುದ್ಧಕಾಲದಲ್ಲಿ ಮಿದುಳಿನ ಗಾಯಾಳುಗಳ ಆಸ್ಪತ್ರೆ ಮಾಡಿದ್ದರು.

ಝಸೆಟ್ಸ್ಕಿಗೆ ಅಕ್ಷರಾಭ್ಯಾಸ ಮೊದಲಿಂದ ನಡೆಯಿತು. ಒಂದಕ್ಷರ ನೆನಪಾಗಬೇಕಾದರೆ ವರ್ಣಮಾಲೆಯನ್ನೆಲ್ಲ ಬಾಯಲ್ಲಿ ಹೇಳಿಕೊಂಡು ಬರಬೇಕು. ಅಷ್ಟರಲ್ಲಿ ಹಿಂದಿನದು ಮರೆತಿರುತ್ತಿತ್ತು. ಒಂದು ದಿನ ವೈದ್ಯರು, ಅಕ್ಷರದ ಗೊಡವೆ ಬಿಡು, ಪೆನ್ಸಿಲ್ ಎತ್ತದೆ ಒಂದೇ ಓಟದಲ್ಲಿ ಬರೆ ಎಂದು ‘ರಕ್ತ’ ಎಂಬರ್ಥದ ರಷ್ಯನ್ ಪದ ಹೇಳಿದರು. ಅವನು ಬರೆದ! ಏನು ಬರೆದೆನೆಂದು ಓದಲು ಮಾತ್ರ ಬರಲಿಲ್ಲ. ಅಕ್ಷರದ ರೂಪ ಕಣ್ಣಿಗೆ ತಪ್ಪಿಹೋಗಿತ್ತು, ಬಾಲ್ಯದಿಂದ ರೂಢಿಯಾದ ಚಲನೆ ಕೈಯಲ್ಲಿ ಉಳಿದಿತ್ತು. ಕೆಟ್ಟ ದಾರಿಯನ್ನೇ ದುರಸ್ತಿ ಮಾಡುತ್ತ ಕೂರದೆ ಉಳಿದ ದಾರಿಯಲ್ಲಿ ಕೆಲಸ ಸಾಗಿಸುವುದು ಲೂರಿಯಾ ಪದ್ಧತಿ.

ಅದೇ ಸೀಮೆಯ ಇನ್ನೊಂದು ಆಸ್ಪತ್ರೆಯಲ್ಲಿ ಮನೋವಿಜ್ಞಾನಿಗಳಾದ ಲಿಯೊಂಟಿಯೆವ್ ಮತ್ತು ಝಾಪೊರೊಝೆಟ್ಸ್ ಕೈಗೆ ಗಾಯವಾದ ಸೈನಿಕರನ್ನು ನೋಡುತ್ತಿದ್ದರು. ‘ಕೈ ಎತ್ತು’ ಎಂದರೆ ಸ್ವಲ್ಪ ಎತ್ತುತ್ತಿದ್ದವರು, ಮೇಲಿದ್ದ ವಸ್ತುವನ್ನು ತೆಗೆದುಕೊ ಎಂದರೆ ಇನ್ನಷ್ಟು ಎತ್ತುತ್ತಿದ್ದರು. ಇಂದು ಸೆನ್ಸರಿ-ಮೋಟಾರ್ ಥೆರಪಿ ಎನ್ನುವುದರಲ್ಲೂ ಈ ತಿಳಿವಳಿಕೆ ಇದೆ: ಸ್ಪರ್ಶ, ಕಣ್ಣು, ಕೀಲುಗಳಿಂದ ಬರುವ ಅರಿವು, ಚಲನೆ ಎಲ್ಲ ಕೂಡಿ ಒಂದು ಕೆಲಸವಾಗಬೇಕು. ಗಾಳಿಯಲ್ಲಿ ಕೈ ಆಡಿಸುವುದಕ್ಕಿಂತ ಲೋಟ ಎತ್ತಿ ನೀರು ಕುಡಿಯುವುದು, ಅಂಗಿಯ ಗುಂಡಿ ಹಾಕುವುದು ಮೇಲು. ಉಳಿದದ್ದೆಲ್ಲ ನೂರಾರು ಸಲದ ಪುನರಾವರ್ತನೆ. ನೋಡುವವರಿಗೆ ಬೇಸರ ಹುಟ್ಟಿಸುವಂಥದು.

ಆ ಬೇಸರಕ್ಕೆ ನಮ್ಮಲ್ಲಿ ಯಾರಿಗೆ ಪುರುಸೊತ್ತಿದೆ? ಬೈಕಿನಿಂದ ಬಿದ್ದ ಮಗನ ಐಸಿಯು ಬಿಲ್ಲಿಗೆ ಹೊಲ ಮಾರಿದವರು, ಹಳ್ಳಿಯಿಂದ ಬಸ್ಸು ಹತ್ತಿಸಿ ವರ್ಷಗಟ್ಟಲೆ ಥೆರಪಿಗೆ ಕರೆತರುವುದು ಹೇಗೆ? ಜೀವ ಉಳಿಸುವ ಯಂತ್ರಗಳಿಗೆ ಸಿಗುವ ಗಮನದಲ್ಲಿ ಕಾಲುಪಾಲು ಈ ನಿಧಾನದ ವಿದ್ಯೆಗೂ ಸಿಕ್ಕಿದ್ದರೆ ಎನಿಸುತ್ತದೆ.

ಝಸೆಟ್ಸ್ಕಿ ಊರಿಗೆ ಮರಳಿ ಬರೆಯುತ್ತಲೇ ಹೋದ: ಸುಮಾರು 25 ವರ್ಷ, 3000 ಪುಟ. ಎಷ್ಟೋ ದಿನ ಅರ್ಧ ಪುಟವೂ ಸಾಗುತ್ತಿರಲಿಲ್ಲ. ಲೂರಿಯಾ 1971ರಲ್ಲಿ ಅದನ್ನು ಪುಸ್ತಕಕ್ಕೆ ತಂದರು. ಗುಣವಾಗಿ ಮತ್ತೆ ಕೆಲಸಕ್ಕೆ ಹೋಗಬೇಕೆಂಬ ಅವನ ಆಸೆ ಆ ಪುಟಗಳಲ್ಲೇ ಉಳಿಯಿತು.