ಠೇವಣಿ ಯಾರ ಹೆಸರಲ್ಲಿ? ವರ್ಷಕ್ಕೆ 43,680 ರೂಪಾಯಿ ಅಂತರ

ಅಂಗವಿಕಲರ ಹೆಸರಿನಲ್ಲಿ ಕೂಡಿಟ್ಟ ಹಣದ ಗಳಿಕೆಗೆ ತೆರಿಗೆ ಬೀಳದಂತೆ ಅಮೆರಿಕದಲ್ಲಿ ‘ಏಬಲ್’ ಎಂಬ ಖಾತೆಯಿದೆ. 2014ರಲ್ಲಿ ಅದಕ್ಕೆಂದೇ ಕಾನೂನು ಮಾಡಿದರು. ನಮ್ಮಲ್ಲಿ ಅಂಥ ಖಾತೆಯಿಲ್ಲ. ಮಾರ್ಚ್ ಬಂದರೆ ಮನೆಯವರು ಹುಡುಕುವುದು ಆದಾಯ ತೆರಿಗೆಯ 80ಡಿಡಿ ಕಡಿತವನ್ನು.

ಅದರ ಲೆಕ್ಕ ಸರಳ. ಅವಲಂಬಿತರ ವೈಕಲ್ಯ ಶೇ 40 ಮುಟ್ಟಿದರೆ 75,000 ರೂಪಾಯಿ, ಶೇ 80 ಮುಟ್ಟಿದರೆ 1,25,000. ಖರ್ಚು ಇದಕ್ಕಿಂತ ಹೆಚ್ಚಿರಲಿ, ಕಡಿಮೆಯಿರಲಿ, ಕಡಿತ ಇಷ್ಟೇ. ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ ಉಳಿಯುವುದು 23,400 ಅಥವಾ 39,000. ಶೇ 20ರವರಿಗೆ 15,600 ಅಥವಾ 26,000. ಕಡಿತದ ಮೊತ್ತ 2015ರ ಬಜೆಟ್ಟಿನಲ್ಲಿ ಏರಿದ್ದು, ಆಮೇಲೆ ಕದಲಿಲ್ಲ. ಥೆರಪಿ ಫೀಸು ಹಾಗೆ ನಿಂತಲ್ಲೇ ನಿಂತಿದೆಯೇ? ಸಾಲದ್ದಕ್ಕೆ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಇದು ಸೊನ್ನೆ.

ನನ್ನ ಮಟ್ಟಿಗೆ ದೊಡ್ಡ ಉಳಿತಾಯ ಇರುವುದು ಯಾರೂ ಅಷ್ಟಾಗಿ ಓದದ 64(1ಎ) ಕಲಮಿನಲ್ಲಿ. ಅಪ್ರಾಪ್ತ ಮಕ್ಕಳ ಎಫ್‌ಡಿ ಬಡ್ಡಿಯನ್ನು ಅಪ್ಪ–ಅಮ್ಮನಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರಿಸಬೇಕೆಂಬುದು ನಿಯಮ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ ಅದು ಅನ್ವಯಿಸುವುದಿಲ್ಲ. ಆ ಬಡ್ಡಿ ಮಗುವಿನದೇ ಆದಾಯ.

20 ಲಕ್ಷ ರೂಪಾಯಿ, ಶೇ 7ರ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,40,000. ಠೇವಣಿ ಶೇ 30ರ ಸ್ಲ್ಯಾಬಿನಲ್ಲಿರುವ ತಾಯಿಯ ಹೆಸರಲ್ಲಿದ್ದರೆ ತೆರಿಗೆ 43,680. ವೈಕಲ್ಯವಿರುವ ಅಪ್ರಾಪ್ತ ಮಗಳ ಹೆಸರಲ್ಲಿದ್ದು, ಅವಳಿಗೆ ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯೇ ಇಲ್ಲ. 2025–26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯಿಲ್ಲ; ಇದೇ ಬಡ್ಡಿ ದರದಲ್ಲಿ 57 ಲಕ್ಷದ ಠೇವಣಿಯೂ ಆ ಮಿತಿಯೊಳಗೇ ಬರುತ್ತದೆ. ತಾಯಿ ಯಾವ ಪದ್ಧತಿಯಲ್ಲಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಆದರೆ ಒಮ್ಮೆ ಕೊಟ್ಟ ಹಣ ಮಗಳದ್ದು, ಮನೆ ಕಟ್ಟುವಾಗ ವಾಪಸು ಕೇಳುವಂತಿಲ್ಲ.

ಎಡವುವುದು ಬ್ಯಾಂಕಿನಲ್ಲಿ. ಎಫ್‌ಡಿಗೆ ಮಗಳ ಪ್ಯಾನ್ ಜೋಡಿಸದಿದ್ದರೆ ಬಡ್ಡಿ ತಾಯಿಯ ತೆರಿಗೆ ವಿವರಪಟ್ಟಿ 26ಎಎಸ್‌ನಲ್ಲಿ ಕಾಣಿಸಿಕೊಳ್ಳಬಹುದು, ಆಮೇಲೆ ಇಲಾಖೆಗೆ ವಿವರಣೆ ಕೊಡುತ್ತ ಕೂರಬೇಕು. ವರ್ಷದ ಬಡ್ಡಿ 50,000 ದಾಟಿದರೆ ಶೇ 10ರಂತೆ ಟಿಡಿಎಸ್ ಹಿಡಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ 14,000. ಏಪ್ರಿಲ್‌ನಲ್ಲೇ 15ಜಿ ನಮೂನೆ ತುಂಬಿ ಕೊಟ್ಟರೆ ಅದು ತಪ್ಪುತ್ತದೆ, ಮರೆತರೆ ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಬೇಕು.

ಹದಿನೆಂಟು ತುಂಬಿದ ದಿನ ಇನ್ನೊಂದು ತೊಡಕು. ಅಪ್ಪ–ಅಮ್ಮ ಸಹಜ ಪಾಲಕರೆಂಬ ಅಧಿಕಾರ ಅಂದಿಗೆ ಮುಗಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಪಾಲಕತ್ವದ ಪ್ರಮಾಣಪತ್ರ ಕೊಡುತ್ತದೆ. ಮಗಳು ತಾನೇ ಸಹಿ ಹಾಕಿ ಖಾತೆ ನಡೆಸಲಾಗದಿದ್ದರೆ, ಆ ಕಾಗದ ಕೈಗೆ ಬರುವ ತನಕ ಅವಳ 20 ಲಕ್ಷವನ್ನು ಅವಳ ಔಷಧಿಗೂ ಮುರಿಸಲಾಗದು.