ಗುಂಡ್ಮಿಯ ಕಾಳಿಂಗ ನಾವಡರು ಮತ್ತು ಒಂದಿಷ್ಟು ಹಳೇ ಕ್ಯಾಸೆಟ್

ಕೊಲ್ಲೂರು ಅಂದ ಕೂಡಲೇ ಸಂಗೀತ ಗೊತ್ತಿರುವ ಯಾರಿಗಾದ್ರೂ ನೆನಪಾಗೋದು ಯೇಸುದಾಸ್. ಜನವರಿ 10ಕ್ಕೆ ಅವರ ಹುಟ್ಟುಹಬ್ಬ. ಆ ದಿನ ಮೂಕಾಂಬಿಕೆಯ ಎದುರು ಹಾಡಬೇಕು ಅಂತ ದಶಕಗಳ ಕಾಲ ಕೊಲ್ಲೂರಿಗೆ ಬಂದವರು ಅವರು. ಕೇರಳದ ಚಾನೆಲ್‌ಗಳೆಲ್ಲ ಹಿಂದೆಯೇ ಬರ್ತಿದ್ದವು. ಆದರೆ ಅದೇ ಕೊಲ್ಲೂರಿನಿಂದ ಕುಂದಾಪುರಕ್ಕೆ ಇಳಿದು, ಹೈವೇಯಲ್ಲಿ ಉಡುಪಿ ಕಡೆಗೆ ತಿರುಗಿದರೆ ಸಾಲಿಗ್ರಾಮದ ಹತ್ತಿರ ಗುಂಡ್ಮಿ ಅಂತ ಒಂದು ಊರು ಸಿಗುತ್ತೆ. ಆ ಊರಿನ ಒಬ್ಬ ಹಾಡುಗಾರನ ಹೆಸರು ನಮ್ಮ ಹಾಸ್ಟೆಲಲ್ಲಿ ಹೇಳಿ ನೋಡಿ. ಕರಾವಳಿಯವರು ಎದ್ದು ಕೂರುತ್ತಾರೆ, ಉಳಿದವರು 'ಯಾರು?' ಅಂತಾರೆ. ಈ ಲೇಖನ ಆ ಎರಡನೇ ಗುಂಪಿಗೆ.

ಹೆಸರು ಗುಂಡ್ಮಿ ಕಾಳಿಂಗ ನಾವಡ. ಯಕ್ಷಗಾನದ ಬಡಗುತಿಟ್ಟಿನ ಭಾಗವತರು. ಹುಟ್ಟಿದ್ದು 1958, ತೀರಿಕೊಂಡದ್ದು 1990. ಲೆಕ್ಕ ನೀವೇ ಹಾಕಿ. ಶಂಕರ್‌ನಾಗ್ ರಸ್ತೆ ಅಪಘಾತದಲ್ಲಿ ಹೋದದ್ದೂ ಅದೇ ವರ್ಷ, ಸೆಪ್ಟೆಂಬರಲ್ಲಿ. ಅದಕ್ಕೆ ನಾಲ್ಕು ತಿಂಗಳು ಮೊದಲು ಕರಾವಳಿ ಇನ್ನೊಂದು ರಸ್ತೆ ಅಪಘಾತದಲ್ಲಿ ನಾವಡರನ್ನು ಕಳೆದುಕೊಂಡಿತ್ತು.

ಭಾಗವತರು ಅಂದ್ರೆ ಹಿಂದೆ ಕೂತು ಹಾಡುವವರು ಅಷ್ಟೇ ಅಂದ್ಕೊಂಡಿದ್ರೆ ಸ್ವಲ್ಪ ತಿದ್ದಿಕೊಳ್ಳಿ. ಯಕ್ಷಗಾನದ ಪ್ರಸಂಗ ಅಂದ್ರೆ ಪದ್ಯಗಳ ಸರಮಾಲೆ. ಮಾತು ಪುಸ್ತಕದಲ್ಲಿ ಇರಲ್ಲ, ವೇಷಧಾರಿ ರಂಗದಲ್ಲೇ ಕಟ್ಟಿ ಹೇಳಬೇಕು. ಆದರೆ ಯಾವ ಪದ್ಯ ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ರಾಗದಲ್ಲಿ ಎಷ್ಟು ಹೊತ್ತು, ಕುಣಿತಕ್ಕೆ ಎಷ್ಟು ಜಾಗ ಕೊಡಬೇಕು, ಬೆಳಗಾಗುವುದರೊಳಗೆ ಕಥೆ ಹೇಗೆ ಮುಗಿಸಬೇಕು, ಇಷ್ಟನ್ನೂ ನಿರ್ಧರಿಸೋದು ಕೈಯಲ್ಲಿ ತಾಳ ಹಿಡಿದ ಭಾಗವತ. ಅವರನ್ನು 'ಮೊದಲನೇ ವೇಷ' ಅಂತ ಕರೆಯೋದು ಅದಕ್ಕೇ. ಆಪರೇಟಿಂಗ್ ಸಿಸ್ಟಮ್ ಅಂತ ಹೇಳಬೇಕು ಅನ್ನಿಸ್ತಿದೆ, ಆದರೆ ಆಪರೇಟಿಂಗ್ ಸಿಸ್ಟಮ್‌ಗೆ ಹಾಡೋಕೆ ಬರಲ್ಲ.

ನಾವಡರ ಮನೆಯಲ್ಲೇ ಭಾಗವತಿಕೆ ಇತ್ತು. ಅಪ್ಪ ರಾಮಚಂದ್ರ ನಾವಡರೂ ಭಾಗವತರು. ಹುಡುಗ ಸಣ್ಣ ವಯಸ್ಸಿಗೇ ಕೋಟ ಅಮೃತೇಶ್ವರಿ ಮೇಳಕ್ಕೆ ಸೇರಿದ. ಅಲ್ಲಿ ಪ್ರಧಾನ ಭಾಗವತರಾಗಿದ್ದವರು ನಾರ್ಣಪ್ಪ ಉಪ್ಪೂರರು, ಬಡಗಿನ ದೊಡ್ಡ ಗುರು. ಮೇಳದಲ್ಲಿ ಕಿರಿಯ ಹಾಡುಗಾರನಿಗೆ 'ಸಂಗೀತಗಾರ' ಅಂತ ಹೆಸರು. ರಾತ್ರಿಯ ಮೊದಲ ಭಾಗ ಅವನದು, ಜನ ಇನ್ನೂ ಬಂದು ಕೂರುತ್ತಿರುವ ಹೊತ್ತು. ನಡುರಾತ್ರಿ ಮೇಲೆ ಪ್ರಧಾನ ಭಾಗವತರು ಬರ್ತಾರೆ. ಇಂಟರ್ನ್‌ಶಿಪ್ ಅಂದ್ರೆ ಇದು: ದಿನಾ ರಾತ್ರಿ ಹಾಡಿ, ಆಮೇಲೆ ಗುರುಗಳು ಹಾಡೋದನ್ನ ಬೆಳಗಿನವರೆಗೆ ಕೂತು ಕೇಳೋದು, ತಿರುಗಾಟ ಮುಗಿಯೋವರೆಗೆ. ಆಮೇಲೆ ಪೆರ್ಡೂರು ಮೇಳ, ಅಲ್ಲಿಂದ ಸಾಲಿಗ್ರಾಮ ಮೇಳ. ನಾವಡರ ಹೆಸರು ದೊಡ್ಡದಾಗಿದ್ದು ಅಲ್ಲಿ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಮಂದಾರ್ತಿ, ಮಾರಣಕಟ್ಟೆಯಂಥ ಮೇಳಗಳದು ಹರಕೆ ಬಯಲಾಟ. ಹರಕೆ ಹೇಳಿಕೊಂಡವರು ಖರ್ಚು ಹಾಕ್ತಾರೆ, ಊರವರು ಪುಕ್ಕಟೆ ನೋಡ್ತಾರೆ. ಮಂದಾರ್ತಿ ಮೇಳದ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯೋರಿದ್ದಾರೆ. ಸಾಲಿಗ್ರಾಮ, ಪೆರ್ಡೂರು ಡೇರೆ ಮೇಳಗಳು. ಟೆಂಟ್ ಹಾಕಿ ಟಿಕೆಟ್ ಮಾರಬೇಕು. ಎದುರಾಳಿ ಸಿನಿಮಾ ಟಾಕೀಸು. ಜನ ಬರದಿದ್ದರೆ ಮೇಳವೇ ಇಲ್ಲ. ಹಾಗಾಗಿ ಹೊಸ ಪ್ರಸಂಗ ಬೇಕಿತ್ತು, ಹೊಸ ಹಾಡುಗಾರಿಕೆ ಬೇಕಿತ್ತು. ನಾವಡರು ಎರಡನ್ನೂ ಕೊಟ್ಟರು. ಅವರೇ ಬರೆದ 'ನಾಗಶ್ರೀ' ಪುರಾಣದ ಕಥೆಯಲ್ಲ, ಕಾಲ್ಪನಿಕ ಪ್ರಸಂಗ. ಇವತ್ತಿಗೂ ಆಡ್ತಾರೆ. ಪ್ರಸಂಗ ಬರೆಯೋದು ಸಿನಿಮಾ ಕಥೆ ಬರೆದ ಹಾಗಲ್ಲ. ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಇವೆಲ್ಲದರ ಲೆಕ್ಕ ತಪ್ಪದೆ ನೂರಾರು ಪದ್ಯ ಹೊಸೆಯಬೇಕು.

ಇನ್ನು ಹಾಡುಗಾರಿಕೆ. ಹಿಂದಿನ ಭಾಗವತಿಕೆ ಹುಟ್ಟಿದ್ದು ಮೈಕ್ ಇಲ್ಲದ ಕಾಲದಲ್ಲಿ. ಪಕ್ಕದಲ್ಲಿ ಚಂಡೆ ಬಡಿಯುತ್ತಿರುವಾಗ ಬಯಲಿನ ಕೊನೆಗೆ ಕೂತವನಿಗೂ ಪದ್ಯ ಕೇಳಬೇಕಂದ್ರೆ ಏರು ಶ್ರುತಿಯಲ್ಲಿ, ತೆರೆದ ಗಂಟಲಲ್ಲಿ ಹಾಡದೆ ಬೇರೆ ದಾರಿಯಿಲ್ಲ. ಸಣ್ಣ ಗಮಕ, ಮೆಲುದನಿಯ ಆಲಾಪನೆ ಎಲ್ಲ ಆ ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತು. ಡೇರೆಯ ಒಳಗೆ ಮೈಕ್ ಬಂದಮೇಲೆ ಸಿಗ್ನಲ್-ಟು-ನಾಯ್ಸ್ ಬದಲಾಯಿತು. ಆ ಬದಲಾವಣೆಯಿಂದ ಏನೆಲ್ಲ ಮಾಡಬಹುದು ಅಂತ ತೋರಿಸಿದ್ದು ನಾವಡರು, ಅಂತ ನನಗನ್ನಿಸುತ್ತೆ. ಏರು ಧ್ವನಿ ಅವರಿಗೆ ಇತ್ತು, ಅದನ್ನು ಬಿಡಲೂ ಇಲ್ಲ. ಜೊತೆಗೆ ಯಕ್ಷಗಾನದಲ್ಲಿ ಬಳಕೆ ಇಲ್ಲದ ರಾಗಗಳನ್ನು ತಂದರು, ಪದ್ಯದ ಒಂದು ಶಬ್ದವನ್ನು ಹಿಡಿದು ನಿಲ್ಲಿಸಿದರು, ದುಃಖದ ಜಾಗದಲ್ಲಿ ಧ್ವನಿ ಇಳಿಸಿದರು. ಇಂಥ ವೇಷಧಾರಿ ಇದ್ದಾರೆ ಅಂತ ಆಟಕ್ಕೆ ಹೋಗುತ್ತಿದ್ದ ಜನ 'ಇವತ್ತು ನಾವಡರ ಪದ್ಯ' ಅಂತ ಹೋಗೋಕೆ ಶುರು ಮಾಡಿದರು.

ಇದಕ್ಕೆ ಆಕ್ಷೇಪ ಇಲ್ಲದೆ ಇರಲಿಲ್ಲ, ಈಗಲೂ ಇದೆ. ಯಕ್ಷಗಾನಕ್ಕೆ ತನ್ನದೇ ಸಂಗೀತ ಇದೆ, ಅದಕ್ಕೆ ಕಚೇರಿ ಸಂಗೀತ ಬೆರೆಸಿದರೆ ಅದು ಯಕ್ಷಗಾನವಾಗಿ ಉಳಿಯಲ್ಲ. ಭಾಗವತರು ರಾಗ ಎಳೆಯುತ್ತಾ ಕೂತರೆ ವೇಷಧಾರಿ ಏನು ಮಾಡಬೇಕು, ಸುಮ್ಮನೆ ನಿಂತಿರಬೇಕಾ? ಮಾತು ಸುಳ್ಳಲ್ಲ. ಇವತ್ತಿನ ಕೆಲವು ಆಟಗಳಲ್ಲಿ ಒಂದೇ ಪದ್ಯ ಹತ್ತು ನಿಮಿಷ ಓಡುತ್ತೆ, ಕಥೆ ಇದ್ದಲ್ಲೇ ಇರುತ್ತೆ, ಚಪ್ಪಾಳೆ ಮಾತ್ರ ಬೀಳುತ್ತೆ. ಆದರೆ ಅದಕ್ಕೆ ನಾವಡರನ್ನು ಹೊಣೆ ಮಾಡೋದು ನನಗೆ ಒಪ್ಪಿಗೆಯಿಲ್ಲ. ಅವರ ರೆಕಾರ್ಡಿಂಗ್ ಉದ್ದಕ್ಕೆ ಕೇಳಿ ನೋಡಿ. ರಾಗ ಬೆಳೆಸಿದ ಜಾಗದಲ್ಲೂ ಶಬ್ದ ಸ್ಪಷ್ಟ, ತಾಳ ಬಿಗಿ, ಕಥೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ. ಅನುಕರಿಸಿದವರಿಗೆ ಸಿಕ್ಕಿದ್ದು ಎಳೆತ ಮಾತ್ರ.

ಎಲ್ಲರಿಗೂ ಅಷ್ಟೇ ಸಿಕ್ಕಿತು ಅಂತಲೂ ಅಲ್ಲ. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿ 2024ರಲ್ಲಿ ತೀರಿಹೋದ ಸುಬ್ರಹ್ಮಣ್ಯ ಧಾರೇಶ್ವರರು ಅದೇ ಉಪ್ಪೂರರ ಶಿಷ್ಯರು, ತನ್ನದೇ ದಾರಿ ಮಾಡಿಕೊಂಡವರು. (ಇಇಇ ಬ್ರಾಂಚಿನವರು ಗಮನಿಸಿ: ಭಾಗವತರಾಗುವ ಮೊದಲು ಅವರು ಎಲೆಕ್ಟ್ರಿಷಿಯನ್.)

ಈಗ ಕ್ಯಾಸೆಟ್ ವಿಷಯ. ನಾವಡರನ್ನು ನಮ್ಮ ತಲೆಮಾರು ಕೇಳ್ತಿರೋದು ಯೂಟ್ಯೂಬಲ್ಲಿ. ಅಲ್ಲಿರುವ ಬಹುಪಾಲು, ಎಂಬತ್ತರ ದಶಕದಲ್ಲಿ ಯಾರೋ ಅಭಿಮಾನಿ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಹೋಗಿ ಮಾಡಿದ ರೆಕಾರ್ಡಿಂಗ್. ಒಂದು ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತೋ ನಲವತ್ತೈದೋ ನಿಮಿಷ. ಪದ್ಯ ಏರುವ ಹೊತ್ತಿಗೆ ಸರಿಯಾಗಿ ಟಕ್ ಅಂತ ನಿಲ್ಲುತ್ತೆ, ಮತ್ತೆ ಶುರುವಾಗುವಾಗ ಬೇರೆ ಪದ್ಯ. ಆ ಮೂವತ್ತು ಸೆಕೆಂಡಲ್ಲಿ ಏನು ಹಾಡಿದರೋ ದೇವರೇ ಬಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳಲ್ಲ. ಕಾಮೆಂಟ್‌ಗಳಲ್ಲಿ ನಾವಡರ ಶ್ರುತಿ ಬಿಳಿ ನಾಲ್ಕೋ ಕರಿ ಮೂರೋ ಅಂತ ಜಗಳ ಆಡ್ತಾರೆ. ಹಾರ್ಮೋನಿಯಂನಲ್ಲಿ ಇವೆರಡರ ನಡುವೆ ಇರೋದು ಒಂದೇ ಮೆಟ್ಟಿಲು. ಒಂದು ಮೆಟ್ಟಿಲು ಅಂದ್ರೆ ಫ್ರೀಕ್ವೆನ್ಸಿಯಲ್ಲಿ ಎರಡರ ಹನ್ನೆರಡನೇ ಮೂಲ, ಅಂದಾಜು ಶೇ. 6. ರೆಕಾರ್ಡ್ ಮಾಡಿದಾಗ ಬ್ಯಾಟರಿ ಇಳಿದಿದ್ದು ಟೇಪ್ ಶೇ. 6 ನಿಧಾನ ಓಡಿದ್ದರೆ, ಈಗ ಸರಿಯಾದ ಪ್ಲೇಯರಲ್ಲಿ ಹಾಕಿದಾಗ ಶ್ರುತಿ ಒಂದು ಮೆಟ್ಟಿಲು ಮೇಲೆ ಕೇಳುತ್ತೆ, ಲಯವೂ ಅಷ್ಟೇ ಚುರುಕಾಗುತ್ತೆ. ಹಾಗಾದರೆ ನಾವು ಕೇಳ್ತಿರುವ 'ನಾವಡರ ವೇಗ' ಎಷ್ಟು ನಾವಡರದು, ಎಷ್ಟು ಸೆಲ್ಲಿನದು? ಕರೆಂಟಿನ 50 ಹರ್ಟ್ಸ್ ಗುಂಯ್ ಶಬ್ದ ಹಿನ್ನೆಲೆಯಲ್ಲಿ ಸಿಕ್ಕಿದರೆ ಅದನ್ನು ಅಳತೆಗೋಲು ಮಾಡಿ ಸ್ಪೀಡ್ ಸರಿಪಡಿಸಬಹುದು, ಆದರೆ ಡೇರೆಗೆ ಜನರೇಟರ್ ಹಾಕಿದ್ದರೆ ಅದೂ ಸರಿಯಾಗಿ 50 ಇರಲ್ಲ. ಒಂದೇ ರಾತ್ರಿಯನ್ನು ಇಬ್ಬರು ಬೇರೆಬೇರೆ ಟೇಪಲ್ಲಿ ಹಿಡಿದಿದ್ದು ಸಿಕ್ಕಿದರೆ ಮಾತ್ರ ಹೋಲಿಸಿ ಒಂದಿಷ್ಟು ಹತ್ತಿರ ಬರಬಹುದು. ಮೂಲ ಕ್ಯಾಸೆಟ್‌ಗಳಿಗೆ ಮೂವತ್ತೈದು-ನಲವತ್ತು ವರ್ಷ ಆಯ್ತು. ಕರಾವಳಿಯ ಮಳೆಗಾಲ ಗೊತ್ತಲ್ಲ, ಟೇಪಿಗೆ ಬೂಷ್ಟು ಹಿಡಿಯುತ್ತೆ. ನಿಮ್ಮ ಅಜ್ಜನ ಮನೆ ಅಟ್ಟದಲ್ಲಿ ಪೆನ್ನಲ್ಲಿ 'ನಾವಡ' ಅಂತ ಬರೆದಿರೋ ಕ್ಯಾಸೆಟ್ ಇದ್ದರೆ ಈ ರಜೆಯಲ್ಲೇ ಇಳಿಸಿ. ಸಿಕ್ಕ ಪ್ಲೇಯರಿಗೆ ತುರುಕಬೇಡಿ, ಮೊದಲು ಒಣಗಲಿ.

ಹೊಸದಾಗಿ ಕೇಳೋರು 'ಬೆಸ್ಟ್ ಪದ್ಯ' ಅಂತ ಕತ್ತರಿಸಿ ಹಾಕಿರುವ ತುಣುಕು ಬಿಟ್ಟು, ಮಾತೂ ಇರುವ ಉದ್ದದ ರೆಕಾರ್ಡಿಂಗ್ ಹಾಕಿಕೊಳ್ಳಿ. ವೇಷಧಾರಿಯ ಮಾತಿನ ಕೊನೆಯ ಶಬ್ದ ಮುಗಿಯುವಲ್ಲಿ ಪದ್ಯ ಎತ್ತಿಕೊಳ್ಳುವ ಆ ಜಾಗ ಕೇಳಿ. ಹಿಂದೆ ಯಾರೋ ಕೆಮ್ಮುತ್ತಾರೆ, ಮಗು ಅಳುತ್ತೆ, ಪದ್ಯ ಶುರುವಾದ ಮೇಲೆ ಅದೂ ಸುಮ್ಮನಾಗುತ್ತೆ.